ಯುದ್ಧಭೂಮಿಯಲ್ಲೂ ಟಿವಿ ಇದೆ

ಸಂಘರ್ಷ ನಡೆಯುವ ಜಾಗದಲ್ಲಿ ಕ್ಯಾಮೆರಾ ಇರುತ್ತೆ ಅನ್ನೋದು ನಿಮಗೆಲ್ಲ ಗೊತ್ತು. ಆದರೆ ಅಲ್ಲಿ ಟಿವಿಯೂ ಇರುತ್ತೆ. ಸ್ಟುಡಿಯೋದಲ್ಲಿ ಕೂತು ಆಡುವ ಮಾತನ್ನ ಗುಂಡು ಬೀಳುತ್ತಿರುವ ಊರಿನವರು ಕೇಳ್ತಾರೆ. ಗುಂಡು ಹಾರಿಸುವವನೂ ಕೇಳ್ತಾನೆ. ಇವತ್ತಿನ ಮಾತು ಇದರ ಬಗ್ಗೆಯೇ.

2008ರ ನವೆಂಬರ್ 26, ಮುಂಬೈ. ಹತ್ತು ಭಯೋತ್ಪಾದಕರು, 166 ಸಾವು. ತಾಜ್ ಹೋಟೆಲ್ ಎದುರು ಕ್ಯಾಮೆರಾಗಳ ಸಾಲು. ನರಿಮನ್ ಹೌಸ್ ಛಾವಣಿ ಮೇಲೆ ಎನ್‌ಎಸ್‌ಜಿ ಕಮಾಂಡೋಗಳು ಹೆಲಿಕಾಪ್ಟರ್‌ನಿಂದ ಹಗ್ಗ ಹಿಡಿದು ಇಳಿದದ್ದನ್ನ ಇಡೀ ದೇಶ ಲೈವ್ ಆಗಿ ನೋಡ್ತು. ಪಾಕಿಸ್ತಾನದಲ್ಲಿ ಕೂತಿದ್ದ ಸೂತ್ರಧಾರರೂ ನೋಡಿದರು! ಟಿವಿ ನೋಡಿಕೊಂಡೇ ಒಳಗಿದ್ದವರಿಗೆ ಫೋನಿನಲ್ಲಿ ಸೂಚನೆ ಕೊಡ್ತಿದ್ದರು. ಕಸಬ್ ಪ್ರಕರಣದಲ್ಲಿ 2012ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಈ ನೇರಪ್ರಸಾರವನ್ನ ಕಟುವಾಗಿ ಟೀಕಿಸಿತು. ಭಯೋತ್ಪಾದಕರ ವಿರುದ್ಧದ ಕಾರ್ಯಾಚರಣೆಯನ್ನ ಲೈವ್ ತೋರಿಸಬಾರದು, ನಿಯೋಜಿತ ಅಧಿಕಾರಿ ಕೊಡುವ ಮಾಹಿತಿಯನ್ನಷ್ಟೇ ಹೇಳಬೇಕು ಅನ್ನೋ ನಿಯಮ ಬಂದದ್ದು 2015ರಲ್ಲಿ.

ನಿಯಮ ಬಂತು, ಪಾಠ ಕಲಿತೆವಾ? 2025ರ ಮೇ ತಿಂಗಳು ನೆನಪು ಮಾಡಿಕೊಳ್ಳಿ. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನ ಕೊಂದಿದ್ದರು. ಸತ್ತವರಲ್ಲಿ ನಮ್ಮ ಶಿವಮೊಗ್ಗದವರೂ ಇದ್ದರು. ದೇಶಕ್ಕೆ ದೇಶವೇ ಕುದಿಯುತ್ತಿತ್ತು, ಸಹಜ. ಮೇ 7ರಂದು ಆಪರೇಷನ್ ಸಿಂಧೂರ ಶುರುವಾಯ್ತು. ಮಾರನೇ ದಿನ ರಾತ್ರಿ ಕೆಲವು ಚಾನೆಲ್‌ಗಳಲ್ಲಿ ಕರಾಚಿ ಬಂದರು ನಾಶವಾಯ್ತು, ನಮ್ಮ ಸೇನೆ ಇಸ್ಲಾಮಾಬಾದ್‌ಗೆ ನುಗ್ಗಿತು. ಬೆಳಗಾಗುವಷ್ಟರಲ್ಲಿ ಎರಡೂ ಸುಳ್ಳು ಅಂತ ಗೊತ್ತಾಯ್ತು. ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಸಿಗ್ನಲ್ ಬೇರೆ, ನಾಯ್ಸ್ ಬೇರೆ ಅಂತ ಹೇಳಿಕೊಡ್ತಾರೆ. ಬರೀ ವಾಲ್ಯೂಮ್ ಏರಿಸಿದರೆ ಸಿಗ್ನಲ್ ಜೊತೆ ನಾಯ್ಸೂ ಏರುತ್ತೆ. ಆ ರಾತ್ರಿ ಆಗಿದ್ದು ಅದೇ. ಗಡಿಯಲ್ಲಿ ಮಗನನ್ನ ಬಿಟ್ಟು ಕೊಡಗಿನಲ್ಲೋ ಬೆಳಗಾವಿಯಲ್ಲೋ ಟಿವಿ ಮುಂದೆ ಕೂತ ತಾಯಿಗೆ ಬೇಕಿದ್ದದ್ದು ಸುದ್ದಿ. ಸಿಕ್ಕಿದ್ದು ಸದ್ದು.

ಸೈರನ್ ವಿಷಯ ಕೇಳಿ. ಕಾರ್ಯಕ್ರಮಕ್ಕೆ ಕಾವು ಬರಲಿ ಅಂತ ವಾಯುದಾಳಿಯ ಸೈರನ್ ಸದ್ದು ಹಾಕುತ್ತಿದ್ದರು. ಕೊನೆಗೆ ಕೇಂದ್ರ ಗೃಹ ಇಲಾಖೆಯ ನಾಗರಿಕ ರಕ್ಷಣಾ ವಿಭಾಗವೇ, ದಯವಿಟ್ಟು ಇದನ್ನ ನಿಲ್ಲಿಸಿ ಅಂತ ಚಾನೆಲ್‌ಗಳಿಗೆ ಹೇಳಬೇಕಾಯ್ತು. ಯಾಕೆ? ದಿನವಿಡೀ ಟಿವಿಯಲ್ಲಿ ಸೈರನ್ ಕೇಳಿದ ಮನುಷ್ಯ, ನಿಜವಾದ ಸೈರನ್ ಕೂಗಿದಾಗ ಟಿವಿ ಅಂದುಕೊಂಡು ಸುಮ್ಮನೆ ಕೂತುಬಿಟ್ಟರೆ?

ಇನ್ನೊಂದು ಘಟನೆ ಮರೆಯೋಕಾಗಲ್ಲ. ಮೇ 7ರಂದೇ ಪಾಕಿಸ್ತಾನದ ಶೆಲ್ ದಾಳಿಗೆ ಪೂಂಛ್‌ನಲ್ಲಿ ಮದ್ರಸಾ ಶಿಕ್ಷಕರೊಬ್ಬರು ತೀರಿಕೊಂಡರು. ನಮ್ಮ ದೇಶದ ಪ್ರಜೆ, ಶತ್ರುವಿನ ಶೆಲ್‌ಗೆ ಬಲಿಯಾದವರು. ಕೆಲವು ಚಾನೆಲ್‌ಗಳು ಅವರ ಫೋಟೋ ಹಾಕಿ, ಭಯೋತ್ಪಾದಕ ಹತನಾದ ಅಂದವು! ಅದು ಸುಳ್ಳು ಅಂತ ಪೂಂಛ್ ಪೊಲೀಸರೇ ಪ್ರಕಟಣೆ ಹೊರಡಿಸಿದರು. ಮುಂದೆ ಅಲ್ಲಿನ ನ್ಯಾಯಾಲಯ ಎಫ್‌ಐಆರ್ ದಾಖಲಿಸಲು ಆದೇಶ ಕೊಡ್ತು. ಆದರೆ ಆ ಮನೆಯವರು? ಹೆಣ ಮಣ್ಣು ಮಾಡಿ ಬಂದವರು ಟಿವಿ ವಿರುದ್ಧ, ನಮ್ಮವರು ಅಂಥವರಲ್ಲ ಅಂತ ಊರಿಗೆಲ್ಲ ಸಾಬೀತು ಮಾಡಬೇಕಾಯ್ತಲ್ಲ, ಆ ನೋವಿಗೆ ಯಾವ ಆದೇಶ ಸಾಕಾಗುತ್ತೆ?

ಹಾಗಾದರೆ ಮಾಧ್ಯಮದವರು ಅಲ್ಲಿಗೆ ಹೋಗಲೇಬಾರದಾ ಅಂತ ನೀವು ಕೇಳಬಹುದು. ಹೋಗಲೇಬೇಕು. ಹೋಗದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಮಣಿಪುರ ನೋಡಿ. 2023ರ ಮೇ 4ರಂದು ಗುಂಪೊಂದು ಇಬ್ಬರು ಹೆಣ್ಣುಮಕ್ಕಳನ್ನ ಬೆತ್ತಲೆ ಮಾಡಿ ಮೆರವಣಿಗೆ ಮಾಡಿತು. ಮೇ 18ಕ್ಕೇ ದೂರು ದಾಖಲಾಗಿತ್ತು. ಇಂಟರ್‌ನೆಟ್ ಬಂದ್. ದೆಹಲಿಯ ಸ್ಟುಡಿಯೋಗಳಲ್ಲಿ ಬೇರೆಯದೇ ಚರ್ಚೆ. ಜುಲೈ 19ಕ್ಕೆ ವಿಡಿಯೋ ಹೊರಬಂತು. ಮಾರನೇ ದಿನ ಸುಪ್ರೀಂ ಕೋರ್ಟ್ ತಾನಾಗಿಯೇ ವಿಷಯ ಕೈಗೆತ್ತಿಕೊಂಡಿತು, ಪ್ರಧಾನಿ ಮಾತಾಡಿದರು, ಮೊದಲ ಬಂಧನವೂ ಆಯ್ತು. ಎರಡೂವರೆ ತಿಂಗಳು ಆಗದೇ ಇದ್ದದ್ದು ಒಂದೇ ದಿನದಲ್ಲಿ! ಮಾಧ್ಯಮದ ಕಣ್ಣು ಇಲ್ಲದ ಕಡೆ ನ್ಯಾಯಕ್ಕೂ ದಾರಿ ಕಾಣಲ್ಲ.

ಹೋಗುವವರು ಇದ್ದಾರೆ. ನಮ್ಮ ದೇಶದ ಛಾಯಾಗ್ರಾಹಕ ದಾನಿಶ್ ಸಿದ್ದಿಕಿ 2021ರ ಜುಲೈ 16ರಂದು ಅಫ್ಘಾನಿಸ್ತಾನದಲ್ಲಿ ಕೆಲಸ ಮಾಡುತ್ತಲೇ ಜೀವ ಬಿಟ್ಟರು. ಗಾಜಾದಲ್ಲಿ ಹೊರಗಿನ ವರದಿಗಾರರು ಸ್ವತಂತ್ರವಾಗಿ ಒಳಗೆ ಕಾಲಿಡೋಕೆ ಇಸ್ರೇಲ್ ಬಿಡದಿದ್ದಾಗ, ಅಲ್ಲಿಯದೇ ಪತ್ರಕರ್ತರು ಸುದ್ದಿ ಕಳಿಸಿದರು. ಅವರಲ್ಲಿ 150ಕ್ಕೂ ಹೆಚ್ಚು ಜನ ಸತ್ತರು. ಒಂದು ದೃಶ್ಯ, ಒಂದು ಹೆಸರು, ಒಂದು ಸಂಖ್ಯೆ ಸರಿಯಾಗಿ ತಲುಪಲಿ ಅಂತ ಕೊಟ್ಟ ಬೆಲೆ ಅದು. ಅಂಥವರ ವೃತ್ತಿಯನ್ನೇ ನಾವೂ ಮಾಡ್ತಿದ್ದೀವಿ ಅಂದ ಮೇಲೆ, ಎಸಿ ಸ್ಟುಡಿಯೋದಲ್ಲಿ ಕೂತವರು ಕನಿಷ್ಠ ಒಂದು ಫೋನ್ ಮಾಡಿ ಖಚಿತಪಡಿಸಿಕೊಳ್ಳೋಕೆ ಏನು ಕಷ್ಟ ಸ್ವಾಮಿ?

ನಿಮ್ಮ ಕೈಯಲ್ಲೂ ಒಂದು ಕೆಲಸ ಇದೆ. ಮುಂದೆ ಇಂಥ ರಾತ್ರಿ ಬಂದರೆ, ಪರದೆ ಮೇಲೆ ಬ್ರೇಕಿಂಗ್ ಅಂತ ಬಂದ ಕೂಡಲೇ ಎರಡು ಪ್ರಶ್ನೆ ಕೇಳಿ. ಇದನ್ನ ಹೇಳಿದ್ದು ಯಾರು? ಅಲ್ಲಿ ಇದ್ದು ನೋಡಿದವರು ಯಾರು? ಉತ್ತರ ಸಿಗದಿದ್ದರೆ ಚಾನೆಲ್ ಬದಲಾಯಿಸಿ, ನಮ್ಮದಾದರೂ ಸರಿ. ಯಾವ ಚಾನೆಲ್ ಮೊದಲು ಹೇಳಿತು ಅನ್ನೋದು ಬೆಳಗಾದರೆ ಯಾರಿಗೂ ನೆನಪಿರಲ್ಲ. ತಪ್ಪು ಹೇಳಿದ್ದನ್ನ ಪೂಂಛ್‌ನ ಆ ಮನೆ ಮರೆಯಲ್ಲ.