ತಾಳ ಯಾರ ಕೈಯಲ್ಲಿ?



ಟೇಪ್‌ರೆಕಾರ್ಡರಿನ ಸೆಲ್ ಇಳಿದಾಗ ಹಾಡು ಎಳೆದೆಳೆದು ಬರುತ್ತಿದ್ದುದು ಕ್ಯಾಸೆಟ್ ಕಾಲದವರಿಗೆ ನೆನಪಿರಬೇಕು. ಮೋಟಾರು ಸೋತರೆ ಲಯದ ಜೊತೆ ಶ್ರುತಿಯೂ ಹೋಗುತ್ತಿತ್ತು. ಎಡಿಸನ್ 1877ರಲ್ಲಿ ರೂಪಿಸಿದ ಫೋನೋಗ್ರಾಫನ್ನು ಕೈಯಲ್ಲೇ ತಿರುಗಿಸಬೇಕಿತ್ತು. ಧ್ವನಿಮುದ್ರಣಕ್ಕೆ ಕಾಲದೋಷ ಹುಟ್ಟಿನಿಂದಲೇ ಅಂಟಿದ್ದು.

1982ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಸಿ.ಡಿ. ಪ್ಲೇಯರ್ ಮಾರುಕಟ್ಟೆಗೆ ಬಂತು. ಸಿ.ಡಿ.ಯಲ್ಲಿರುವುದು ಬರೀ ಅಂಕಿಗಳು; ಎಡಕ್ಕೂ ಬಲಕ್ಕೂ ಸೆಕೆಂಡಿಗೆ ತಲಾ 44,100. ತಟ್ಟೆಯ ವೇಗ ತುಸು ಹೆಚ್ಚುಕಡಿಮೆಯಾದರೂ ಚಿಂತೆಯಿಲ್ಲ. ಓದಿದ ಅಂಕಿಗಳು ಮೊದಲು ಪುಟ್ಟ ಮೆಮೊರಿಯಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಸ್ಫಟಿಕದ ಗಡಿಯಾರ ತಾಳ ಹಾಕಿದಂತೆ, ಸುಮಾರು 22.7 ಮೈಕ್ರೋಸೆಕೆಂಡಿಗೊಮ್ಮೆ ಹೊರಬರುತ್ತವೆ. ಕಾಲದೋಷದ ಕಥೆ ಮುಗಿಯಿತು ಅನ್ನಿಸಿತು.

ಅದು ಮತ್ತೆ ಶುರುವಾದದ್ದು ಒಂದು ಪೆಟ್ಟಿಗೆ ಎರಡಾದಾಗ. ಸಿ.ಡಿ. ಓದುವ ಯಂತ್ರ ಒಂದು, ಅಂಕಿಯನ್ನು ಧ್ವನಿಯಾಗಿಸುವ 'ಡ್ಯಾಕ್' ಇನ್ನೊಂದು. ನಡುವೆ ಸೋನಿ-ಫಿಲಿಪ್ಸ್ ಕಂಪನಿಗಳು ರೂಪಿಸಿದ ಎಸ್‌ಪಿಡಿಐಎಫ್ ಎಂಬ ಒಂಟಿ ಕೇಬಲ್. ಅಂಕಿಯೂ ತಾಳವೂ ಅದರಲ್ಲೇ ಬೆರೆತು ಹರಿಯಬೇಕು. ತಾಳ ಹಾಕುವವರು ಪಕ್ಕದ ಕೋಣೆಯಲ್ಲಿದ್ದು, ಹಾಡುವವರು ಗೋಡೆಯಾಚೆಯ ಸದ್ದನ್ನೇ ನಂಬಿ ಲಯ ಹಿಡಿದ ಹಾಗೆ! ಪೆಟ್ಟು ಒಮ್ಮೆ ಮುಂಚೆ, ಒಮ್ಮೆ ತಡವಾಗಿ ಬೀಳುತ್ತದೆ. ಈ ನಡುಕವೇ 'ಜಿಟರ್'. ಅಂಕಿ ಸರಿಯಿದ್ದರೂ ಗಳಿಗೆ ತಪ್ಪುವುದರಿಂದ, ಮೂಲ ಸಂಗೀತದಲ್ಲಿಲ್ಲದ ಸಣ್ಣ ಸ್ವರಗಳು ಹುಟ್ಟಿಕೊಳ್ಳುತ್ತವೆ.

1992ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಸಮಾವೇಶದಲ್ಲಿ ಸಂಶೋಧಕರಾದ ಕ್ರಿಸ್ ಡನ್ ಮತ್ತು ಮಾಲ್ಕಂ ಹಾಕ್ಸ್‌ಫರ್ಡ್, ಈ ಜೋಡಣೆಯಲ್ಲೇ ದೋಷವಿದೆಯೇ ಎಂದು ನೇರವಾಗಿ ಪ್ರಶ್ನಿಸಿದರು. ಇನ್ನೊಬ್ಬ ಎಂಜಿನಿಯರ್ ಜೂಲಿಯನ್ ಡನ್ ಜಿಟರ್ ಅಳೆಯಲು 'ಜೆ-ಟೆಸ್ಟ್' ಎಂಬ ಪರೀಕ್ಷೆಯನ್ನೇ ರೂಪಿಸಿದರು. ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ: 20 ಕಿಲೋಹರ್ಟ್ಸ್‌ನ ಪೂರ್ಣ ಪ್ರಮಾಣದ ಸ್ವರದಲ್ಲಿ ತಪ್ಪು ಸಿ.ಡಿ.ಯ 16 ಬಿಟ್ ಅಳತೆಯ ಅರ್ಧ ಮೆಟ್ಟಿಲನ್ನು ಮೀರಬಾರದೆಂದರೆ, ಗಡಿಯಾರ 121 ಪಿಕೋಸೆಕೆಂಡಿಗಿಂತ ಹೆಚ್ಚು ತಪ್ಪುವಂತಿಲ್ಲ.

ಈ ಗಾಬರಿಯ ಕಾಲದಲ್ಲೇ ಧ್ವನಿ ಸುಧಾರಿಸೀತೆಂದು ಸಿ.ಡಿ. ಅಂಚಿಗೆ ಹಸಿರು ಶಾಯಿ ಬಳಿಯುವ ಗೀಳೂ ಹಬ್ಬಿತ್ತು. ತಟ್ಟೆಯ ತಪ್ಪನ್ನು ಮೆಮೊರಿಯೇ ತಡೆಯುವಾಗ ಶಾಯಿ ಏನು ಮಾಡೀತು? ಜಿಟರ್ ನಿಜಕ್ಕೂ ಕೇಳಿಸುತ್ತದೆಯೇ ಎಂದು ಕಿವಿಯನ್ನೇ ಕೇಳಿದವರು ಸಂಶೋಧಕರಾದ ಬೆಂಜಮಿನ್ ಮತ್ತು ಗ್ಯಾನನ್. 1998ರ ಅವರ ಪ್ರಯೋಗದಲ್ಲಿ, ಬೇಕೆಂದೇ ಆರಿಸಿದ ಶುದ್ಧ ಸ್ವರಗಳಲ್ಲಿ ಜಿಟರ್ ಗೊತ್ತಾಗಲು ಸುಮಾರು 10 ನ್ಯಾನೋಸೆಕೆಂಡ್ ಬೇಕಾಯಿತು. ಸಂಗೀತದಲ್ಲಿ ಸುಮಾರು 20. ಕಾಗದದ ಲೆಕ್ಕಕ್ಕಿಂತ ಕಿವಿ ಎಷ್ಟೋ ಪಟ್ಟು ಉದಾರಿ.

ನಿಜವಾದ ಪರಿಹಾರ ಬಂದದ್ದು ತಾಳ ಕೈ ಬದಲಿಸಿದಾಗ. ಹಾಡುಗಳು ಕಂಪ್ಯೂಟರಿಗೆ ಬಂದ ಮೇಲೆ, ಡ್ಯಾಕ್ ತಯಾರಕ ಗೋರ್ಡನ್ ರ್‍ಯಾಂಕಿನ್‌ರಂಥವರು ಯುಎಸ್‌ಬಿಯ 'ಅಸಿಂಕ್ರೊನಸ್' ವಿಧಾನವನ್ನು ಮನೆಯ ಡ್ಯಾಕ್‌ಗೆ ತಂದರು. ಇಲ್ಲಿ ಗಡಿಯಾರ ಇರುವುದು ಡ್ಯಾಕ್‌ನೊಳಗೇ. ತನ್ನ ಮೆಮೊರಿ ನೋಡಿಕೊಂಡು ಅದೇ ಕಂಪ್ಯೂಟರಿಗೆ ಹೇಳುತ್ತದೆ: ಇನ್ನಷ್ಟು ಕಳಿಸು, ಸ್ವಲ್ಪ ತಡೆ. ಹಾಡುವವರೇ ತೊಡೆ ತಟ್ಟಿ ತಾಳ ಹಾಕಿಕೊಂಡರೆ ಗೋಡೆಯಾಚೆ ಕಿವಿಗೊಡುವ ಪ್ರಮೇಯವೇ ಇಲ್ಲ.

ಆದ್ದರಿಂದ ಜಿಟರ್ ಹೆಸರಲ್ಲಿ ದುಬಾರಿ ಕೇಬಲ್ ತೋರಿಸುವವರಿಗೆ ಒಂದೇ ಪ್ರಶ್ನೆ ಕೇಳಿ: ಈ ಪೆಟ್ಟಿಗೆಯಲ್ಲಿ ತಾಳ ಯಾರದು? ಡ್ಯಾಕ್‌ನದೇ ಎಂದಾದರೆ, ಆ ದುಡ್ಡು ಒಳ್ಳೆಯ ಸ್ಪೀಕರಿಗಿರಲಿ.