ಹಿತ್ತಿಲ ಮಣ್ಣು ಮತ್ತು ಪ್ಲಾಸ್ಟಿಕ್ ಹುಲ್ಲು
(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕೃಷಿಕನ ಮನೆಯ ಹಿತ್ತಿಲು ಎಂದೂ ಖಾಲಿ ಜಾಗವಾಗಿರಲಿಲ್ಲ. ನುಗ್ಗೆ, ಕರಿಬೇವು, ಬಸಳೆಯ ಚಪ್ಪರ, ಬಚ್ಚಲ ನೀರು ಕುಡಿದು ಬೆಳೆಯುವ ಬಾಳೆ, ಒಂದು ಬಾವಿ, ಇವೆಲ್ಲದರ ನಡುವೆ ಮಕ್ಕಳ ಆಟ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲೂಕುಗಳ ಹಳ್ಳಿಗಳಲ್ಲಿ ಇಂದಿಗೂ ಈ ಚಿತ್ರ ಪೂರ್ತಿ ಅಳಿಸಿಹೋಗಿಲ್ಲ. ನಗರಗಳಲ್ಲಿ ಗಂಟೆಗೆ ಇಷ್ಟೆಂದು ಬಾಡಿಗೆಗೆ ದೊರೆಯುವ ಕೃತಕ ಹುಲ್ಲಿನ ಅಂಕಣಗಳನ್ನು ಕಂಡವರಿಗೆ ತಮ್ಮ ಹಿತ್ತಿಲಿಗೂ ಅಂಥದೊಂದು ಹಾಸು ಇರಲಿ ಎಂಬ ಆಸೆ ಮೂಡುವುದು ಸಹಜ. ಮಕ್ಕಳು ಮೊಬೈಲ್ ಬಿಟ್ಟು ಆಡಲಿ ಎಂಬ ಹೆತ್ತವರ ಬಯಕೆಯನ್ನು ಯಾರೂ ಹೀಗಳೆಯಲಾಗದು. ವಿಚಾರ ಮಾಡಬೇಕಾದದ್ದು ಆಟದ ಕೆಳಗಿನ ನೆಲವನ್ನು ಕುರಿತು.

ಈ ಹಾಸಿನ ಹುಟ್ಟೇ ಒಂದು ಪಾಠ. 1965ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಪಾರದರ್ಶಕ ಚಾವಣಿಯುಳ್ಳ ಬೃಹತ್ ಕ್ರೀಡಾಂಗಣವೊಂದು ತೆರೆಯಿತು. ಚಾವಣಿಯ ಝಳಪಿನಿಂದ ಆಟಗಾರರಿಗೆ ಚೆಂಡು ಕಾಣದಾದಾಗ ಅದಕ್ಕೆ ಬಣ್ಣ ಬಳಿಯಲಾಯಿತು. ಬೆಳಕಿಲ್ಲದೆ ಒಳಗಿನ ಹುಲ್ಲು ಸತ್ತಿತು. 1966ರಲ್ಲಿ ಅಲ್ಲಿ ನೈಲಾನ್ ಹುಲ್ಲು ಬಂದಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಪಂದ್ಯಗಳು ಮೊದಲ ಬಾರಿಗೆ ಇಂಥ ಹಾಸಿನ ಮೇಲೆ ನಡೆದವು. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಬಿಸಿಲು ಕಾಣದ ಅಂಗಳಕ್ಕೆಂದು ಬಂದ ವಸ್ತುವನ್ನು ಬಿಸಿಲಿಗೆ ಬರವಿಲ್ಲದ ಜಗಳೂರಿನ ಹಿತ್ತಿಲಿಗೆ ತರುವ ಮುನ್ನ ಒಂದು ಲೆಕ್ಕ ಹಾಕಬೇಕು.

ಬ್ಯಾಡ್ಮಿಂಟನ್ ಅಂಕಣದ ಅಳತೆ 13.4 ಮೀಟರ್ ಉದ್ದ, 6.1 ಮೀಟರ್ ಅಗಲ. ಸುಮಾರು 82 ಚದರ ಮೀಟರ್. ಹಾಸು ಕೂರಿಸಲು ಮೊದಲು ಮೇಲ್ಮಣ್ಣನ್ನು ತೆಗೆಯಬೇಕು. ಕೇವಲ 15 ಸೆಂಟಿಮೀಟರ್ ತೆಗೆದರೂ 12 ಘನ ಮೀಟರ್ ಮಣ್ಣು, ತೂಕದಲ್ಲಿ ಸುಮಾರು 16 ಟನ್, ಹೊರಗೆ ಹೋಗುತ್ತದೆ. ಒಂದು ಅಂಗುಲ ಮೇಲ್ಮಣ್ಣು ರೂಪುಗೊಳ್ಳಲು ಶತಮಾನಗಳೇ ಬೇಕು. ಆ ಜಾಗದಲ್ಲಿ ಜಲ್ಲಿ ಸುರಿದು ರೋಲರ್‌ನಿಂದ ಅದುಮುತ್ತಾರೆ. ಎರೆಮಣ್ಣಿನ ನೆಲವಾದರೆ ತೊಡಕು ಇನ್ನೂ ಹೆಚ್ಚು: ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಆ ಮಣ್ಣಿನ ಮೇಲೆ ಜಲ್ಲಿಯ ತಳ ಸಮನಾಗಿ ನಿಲ್ಲುವುದಿಲ್ಲವಾದ್ದರಿಂದ ಕಾಂಕ್ರೀಟ್ ಸುರಿಯಬೇಕಾಗುತ್ತದೆ.

ಕಾಂಕ್ರೀಟ್ ಬಂದಲ್ಲಿ ಮಳೆನೀರಿನ ದಾರಿ ಮುಚ್ಚುತ್ತದೆ. ಒಂದು ಚದರ ಮೀಟರಿನ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆ ಒಂದು ಲೀಟರ್ ನೀರಿಗೆ ಸಮ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ಈ ಒಂದು ಅಂಕಣದ ಮೇಲೆ 49,200 ಲೀಟರ್ ನೀರು ಬೀಳುತ್ತದೆ. 2023ರ ಬರದಲ್ಲಿ ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲೂಕುಗಳು ಬರಪೀಡಿತವೆಂದು ಘೋಷಿತವಾದದ್ದು ಎಲ್ಲರ ನೆನಪಿನಲ್ಲಿದೆ. ಜಗಳೂರಿನ 57 ಕೆರೆಗಳಿಗಾಗಿ ತುಂಗಭದ್ರೆಯ ನೀರನ್ನು ಮೇಲೆತ್ತಿ ತರುವ ಯೋಜನೆಯೇ ನಡೆದಿದೆ. ಚನ್ನಗಿರಿಯ ಸೂಳೆಕೆರೆಯನ್ನು ಕಟ್ಟಿದ ಹಿರಿಯರು ಹರಿಯುವ ನೀರನ್ನು ನಿಲ್ಲಿಸಿದರು. ದೂರದ ನದಿಯಿಂದ ನೀರು ತರಿಸಿಕೊಳ್ಳುತ್ತಾ, ತಲೆಯ ಮೇಲೆ ಬಿದ್ದ ನೀರನ್ನು ಚರಂಡಿಗೆ ಬಿಡುವುದು ಯಾವ ಜಾಣತನ?

ಎರಡನೆಯ ಸಂಗತಿ ಕಾವು. ಜೀವಂತ ಹುಲ್ಲು ಬೇರಿನಿಂದ ಹೀರಿದ ನೀರನ್ನು ಎಲೆಯಿಂದ ಆವಿಯಾಗಿಸಿ ತನ್ನನ್ನು ತಂಪಾಗಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ಕಿಗೆ ಆ ಶಕ್ತಿ ಇಲ್ಲ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ನಡೆದ ಅಳತೆಯಲ್ಲಿ, ಹವೆಯ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್ ಇದ್ದ ದಿನ ಕೃತಕ ಹುಲ್ಲಿನ ಮೇಲ್ಮೈ 93 ಡಿಗ್ರಿ ಮುಟ್ಟಿತ್ತು. ನೀರೆರಚಿದರೆ ತಣಿಯುವುದು ನಿಜ. ಆದರೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಕಾಯುತ್ತದೆ. ನೀರು ಉಳಿಯುತ್ತದೆಂದು ತಂದ ಹಾಸಿಗೂ ಕೊನೆಗೆ ನೀರನ್ನೇ ಎರೆಯಬೇಕು.

ಮೂರನೆಯದು ಕಸ. ಎಳೆಗಳು ನೆಟ್ಟಗೆ ನಿಲ್ಲಲೆಂದು ನಡುವೆ ಮರಳನ್ನೋ ಹಳೆಯ ಟೈರುಗಳ ರಬ್ಬರ್ ಹರಳನ್ನೋ ತುಂಬುತ್ತಾರೆ. ತುಳಿತಕ್ಕೂ ಬಿಸಿಲಿಗೂ ಎಳೆಗಳು ಸವೆದು, ಹರಳಿನೊಂದಿಗೆ ಮಳೆನೀರಿನಲ್ಲಿ ತೋಟಕ್ಕೆ, ಹಳ್ಳಕ್ಕೆ ಸೇರುತ್ತವೆ. ಯುರೋಪಿನ ಒಕ್ಕೂಟವು 2023ರಲ್ಲಿ ಮಾಡಿದ ನಿಯಮದಂತೆ ಇಂಥ ಪ್ಲಾಸ್ಟಿಕ್ ಹಾಗೂ ರಬ್ಬರ್ ಹರಳಿನ ಮಾರಾಟ ಅಲ್ಲಿ 2031ರಲ್ಲಿ ನಿಲ್ಲಬೇಕಾಗಿದೆ. ಸುಮಾರು ಹತ್ತು ವರ್ಷಕ್ಕೆ ಹಾಸು ಮುಪ್ಪಾಗುತ್ತದೆ. ಒಂದಕ್ಕೊಂದು ಅಂಟಿಸಿದ ಬಗೆಬಗೆಯ ಪ್ಲಾಸ್ಟಿಕ್ ಪದರಗಳನ್ನು ಬಿಡಿಸುವುದು ಕಷ್ಟ. ಸುಟ್ಟರೆ ವಿಷದ ಹೊಗೆ.

ಹಾಗಾದರೆ ಮಕ್ಕಳು ಎಲ್ಲಿ ಆಡಬೇಕು? ಉತ್ತರ ಈ ನಾಡಿನ ರೈತನಿಗೆ ಗೊತ್ತಿರುವುದೇ. ಸುಗ್ಗಿಯ ಕಣ ಮಾಡುವ ವಿದ್ಯೆಯೇ ಆಟದಂಕಣದ ವಿದ್ಯೆ. ಹೆಂಟೆ ಒಡೆದು, ಗರಸು ಮತ್ತು ಜೇಡಿ ಬೆರೆಸಿ, ನೀರು ಚಿಮುಕಿಸಿ, ರೋಣಗಲ್ಲು ಎಳೆದು, ಸಗಣಿಯಿಂದ ಸಾರಿಸಿದರೆ ಗಟ್ಟಿಯಾದ ಅಂಕಣ ಸಿದ್ಧ. ದಾವಣಗೆರೆ ಸೀಮೆಯ ಪೈಲ್ವಾನರು ಗರಡಿಯ ಕೆಮ್ಮಣ್ಣಿನಲ್ಲೇ ಪಳಗಿದವರು. ನೀರಿನ ಆಸರೆಯುಳ್ಳ ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಬಯಲು ಹಿತ್ತಿಲುಗಳಲ್ಲಿ ಗರಿಕೆ ನೆಡಬಹುದು. ಗಣಪತಿಗೆ ಏರಿಸುವ ಈ ಗರಿಕೆಯೇ ಬರ್ಮುಡಾ ಹುಲ್ಲೆಂಬ ಹೆಸರಿನಲ್ಲಿ ಜಗತ್ತಿನ ಅನೇಕ ಕ್ರೀಡಾಂಗಣಗಳನ್ನು ಹಸಿರಾಗಿಸಿದೆ. ಬರದಲ್ಲಿ ಒಣಗಿದಂತೆ ಕಂಡರೂ ನೆಲದೊಳಗಿನ ಕಾಂಡದಿಂದ ಮತ್ತೆ ಚಿಗುರುತ್ತದೆ. ಅಡಿಕೆಯ ನೆರಳಿನಲ್ಲಿ ಮಾತ್ರ ಅದು ಬಾಳದು. ಅಲ್ಲಿ ಮಣ್ಣಿನ ಅಂಕಣವೇ ಲೇಸು.

ಬಡಿದ ಕಣವೂ ನೀರನ್ನು ಬೇಗ ಹೀರದು ಎಂಬುದನ್ನು ಮರೆಮಾಚಬಾರದು. ಆದುದರಿಂದ ನೂರು ಅಡಿಗೆ ಒಂದು ಅಡಿಯಂತೆ ಇಳಿಜಾರು ಕೊಟ್ಟು, ತಗ್ಗಿನ ಅಂಚಿನಲ್ಲಿ ಇಂಗುಗುಂಡಿ ತೋಡಬೇಕು. 25 ಮಿಲಿಮೀಟರಿನ ಒಂದು ಮಳೆಗೆ ಬರುವ 2,050 ಲೀಟರ್ ನೀರಿಗೆ ಎರಡು ಘನ ಮೀಟರಿಗಿಂತ ತುಸು ದೊಡ್ಡ ಗುಂಡಿ ಸಾಕು. ಕೃತಕ ಹಾಸನ್ನೇ ಹಾಕಲು ನಿರ್ಧರಿಸಿದವರು ಕೂಡ ಕಾಂಕ್ರೀಟ್ ಬಿಟ್ಟು ಜಲ್ಲಿಯ ತಳವನ್ನೂ, ರಬ್ಬರ್ ಬಿಟ್ಟು ಮರಳನ್ನೂ ಆರಿಸಿಕೊಳ್ಳಲಿ, ತೆಗೆದ ಮೇಲ್ಮಣ್ಣನ್ನು ತೋಟಕ್ಕೆ ಹಾಕಲಿ, ಇಂಗುಗುಂಡಿಯನ್ನು ಮರೆಯದಿರಲಿ.

ಮಕ್ಕಳು ಬೆಳೆದು ಓದಿಗೋ ಕೆಲಸಕ್ಕೋ ಊರು ಬಿಡುವ ದಿನ ಬಂದೇ ಬರುತ್ತದೆ. ಆಗ ಮಣ್ಣಿನ ಅಂಕಣವನ್ನು ಗುದ್ದಲಿಯಿಂದ ಸಡಿಲಿಸಿ ಒಂದು ಪುಟ್ಟಿ ಗೊಬ್ಬರ ಹಾಕಿದರೆ, ಮುಂದಿನ ಮಳೆಗಾಲಕ್ಕೆ ಅಲ್ಲಿ ಅವರೆಯ ಬಳ್ಳಿ ಹಬ್ಬುತ್ತದೆ. ಹಿತ್ತಿಲನ್ನು ಆಟಕ್ಕೆ ಕೊಡುವಾಗ, ಅದನ್ನು ಮತ್ತೆ ಹಿತ್ತಿಲಾಗಿ ಹಿಂಪಡೆಯುವ ದಾರಿಯೊಂದು ಉಳಿದಿರಲಿ.