ಲೆಕ್ಕಪತ್ರವೂ ಒಂದು ಸೇವೆ

(ಶತಮಾನೋತ್ಸವದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷಗಳ ಈ ಸಂಭ್ರಮದಲ್ಲಿ ಹಿರಿಯರ ತ್ಯಾಗವನ್ನು ಸ್ಮರಿಸುವುದು ಸಹಜ. ಆದರೆ ಇಂದು ನಾನು ತಮ್ಮ ಗಮನ ಸೆಳೆಯಬಯಸುವುದು ಕಾನೂನಿನ ಒಂದು ವಿಷಯದ ಕಡೆಗೆ. ಶಾಲೆ, ಔಷಧಾಲಯ, ವಿದ್ಯಾರ್ಥಿನಿಲಯಗಳನ್ನು ನಡೆಸುವ ಸೇವಾಸಂಸ್ಥೆಗಳ ನೆರವಿನ ನಿಯಮಗಳನ್ನು ಸರಕಾರವು ಬದಲಿಸಹೊರಟಾಗ ನಮ್ಮ ಕರ್ತವ್ಯವೇನು?

ವಿದೇಶೀ ವಂತಿಗೆ ನಿಯಂತ್ರಣ ಕಾಯಿದೆಯು ಮೊದಲು ಬಂದದ್ದು 1976ರಲ್ಲಿ. ಅದರ ಸ್ಥಾನದಲ್ಲಿ 2010ರ ಕಾಯಿದೆ ಬಂದಿತು. ಇದರ ತಿದ್ದುಪಡಿ ಮಸೂದೆಯು 2020ರ ಸೆಪ್ಟೆಂಬರ್ 20ರಂದು ಲೋಕಸಭೆಯಲ್ಲಿ ಮಂಡನೆಯಾಗಿ, 21ರಂದು ಅಲ್ಲಿಯೂ 23ರಂದು ರಾಜ್ಯಸಭೆಯಲ್ಲಿಯೂ ಅಂಗೀಕೃತವಾಯಿತು. 29ರಂದು ಜಾರಿಗೂ ಬಂದಿತು. ಆಡಳಿತ ವೆಚ್ಚದ ಮಿತಿಯು ಶೇಕಡ 50ರಿಂದ 20ಕ್ಕೆ ಇಳಿಯಿತು. ಹಣವು ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದು ಗೊತ್ತಾದ ಶಾಖೆಗೇ ಬರಬೇಕೆಂದಾಯಿತು. ಒಂದು ಸಂಸ್ಥೆಯು ತಾನು ಪಡೆದುದನ್ನು ಇನ್ನೊಂದಕ್ಕೆ ಹಂಚುವುದು ನಿಷಿದ್ಧವಾಯಿತು.

ಈ ಕೊನೆಯ ನಿಯಮದ ಪೆಟ್ಟು ಯಾರಿಗೆಂಬುದನ್ನು ಸುರಪುರ, ಶಹಾಪುರದ ರೈತರಿಗೆ ವಿವರಿಸಬೇಕಾಗಿಲ್ಲ. ನಾರಾಯಣಪುರದ ಎಡದಂಡೆ ಕಾಲುವೆ ತುಂಬಿ ಹರಿದರೂ ಹೊಲಗಾಲುವೆಗೆ ನೀರು ಬಿಡದಿದ್ದರೆ ಕೊನೆಯ ಹೊಲ ಒಣಗುತ್ತದೆ. ಹಳ್ಳಿಯ ಸಣ್ಣ ಸಂಸ್ಥೆಗಳು ಆ ಕೊನೆಯ ಹೊಲಗಳು.

ಕೆಲವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2022ರ ಏಪ್ರಿಲ್ 8ರ ತೀರ್ಪು ತಿದ್ದುಪಡಿಯನ್ನು ಎತ್ತಿಹಿಡಿಯಿತು. ವಿದೇಶೀ ದೇಣಿಗೆ ಪಡೆಯುವುದು ನಿರಪೇಕ್ಷ ಹಕ್ಕಲ್ಲವೆಂದಿತು. ಪದಾಧಿಕಾರಿಗಳು ಆಧಾರ್ ಬದಲು ಭಾರತೀಯ ಪಾಸ್‌ಪೋರ್ಟ್ ತೋರಿಸಬಹುದೆಂಬ ಸಣ್ಣ ಪರಿಹಾರವಷ್ಟೇ ದೊರೆಯಿತು. ಮಸೂದೆ ಶಾಸನವಾದ ಮೇಲೆ ಎಚ್ಚೆತ್ತವರಿಗೆ ದೊರೆಯುವುದು ಅಲ್ಪ.

ಹಾಗೆಂದು ಸರಕಾರವನ್ನು ದೂರಿ ಕೈತೊಳೆದುಕೊಳ್ಳುವುದು ಸಲ್ಲದು. ದಾನದ ಹಣಕ್ಕೆ ಲೆಕ್ಕ ಕೇಳುವುದು ಅನ್ಯಾಯವಲ್ಲ. ಜೆರುಸಲೇಮಿನ ಬಡವರಿಗಾಗಿ ಮಕೆದೋನಿಯ, ಅಖಾಯಗಳಲ್ಲಿ ಕಾಣಿಕೆ ಸಂಗ್ರಹಿಸಿದ ಸಂತ ಪೌಲರು, ಯಾರೂ ಬೆರಳು ತೋರದಂತೆ ವಿಶ್ವಾಸಾರ್ಹರನ್ನು ಜೊತೆಗೆ ನಿಯಮಿಸಿದರು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಇದನ್ನು ಕಾಣುತ್ತೇವೆ. ಅದೂ ಒಂದು ನಾಡಿನಿಂದ ಇನ್ನೊಂದು ನಾಡಿಗೆ ಹೋದ ನೆರವೇ! ನಮ್ಮಲ್ಲಿ ಮಾತ್ರ ರಸೀದಿ ಕೇಳಿದವನನ್ನು ಅವಿಶ್ವಾಸಿಯಂತೆ ನೋಡಿದ್ದುಂಟು. ಈ ತಪ್ಪನ್ನು ನಾನೂ ಮಾಡಿದ್ದೇನೆ.

ಆದುದರಿಂದ ಮೂರು ಮಾತುಗಳು. ಪ್ರತಿವರ್ಷದ ಲೆಕ್ಕಪತ್ರವನ್ನು ಸಭೆಯ ಮುಂದೆ ಓದೋಣ. ಕರಡು ನಿಯಮಗಳನ್ನು ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಿದಾಗ, ಗೊತ್ತುಪಡಿಸಿದ ದಿನಗಳೊಳಗೆ, ನಮ್ಮಲ್ಲಿ ಎಷ್ಟು ಮಕ್ಕಳು ಓದುತ್ತಾರೆ, ಯಾವ ನಿಯಮದಿಂದ ಯಾರ ಊಟ ನಿಲ್ಲುತ್ತದೆ ಎಂಬುದನ್ನು ಅಂಕಿಅಂಶಗಳೊಡನೆ, ವಿನಯದಿಂದ ಬರೆದು ಕಳುಹಿಸೋಣ. ಅನ್ಯಮತೀಯ ಸಂಸ್ಥೆಗಳವರನ್ನೂ ಜೊತೆಗೂಡಿಸಿಕೊಳ್ಳೋಣ, ಏಕೆಂದರೆ ಹಸಿವಿಗೆ ಮತವಿಲ್ಲ. ಕೊನೆಯದಾಗಿ, ನಮ್ಮ ಕೈಯಿಂದಲೂ ಕೊಡುವುದನ್ನು ಕಲಿಯೋಣ.

ಬಡ ವಿಧವೆಯ ಎರಡು ಕಾಸನ್ನು ಪ್ರಭು ಯೇಸು ಮೆಚ್ಚಿದರು. ದೇವಾಪುರದ ಕಣದಲ್ಲಿ ರಾಶಿಯ ದಿನ ಎತ್ತಿಟ್ಟ ಒಂದು ಸೇರು ಜೋಳಕ್ಕೆ ಯಾವ ದೆಹಲಿಯ ಅನುಮತಿಯೂ ಬೇಕಿಲ್ಲ. ಎರಡನೆಯ ಶತಮಾನಕ್ಕೆ ಆ ಒಂದು ಸೇರಿನಿಂದಲೇ ಅಡಿಯಿಡೋಣ. ದೇವರು ತಮ್ಮೆಲ್ಲರನ್ನೂ ಆಶೀರ್ವದಿಸಲಿ.